ವ್ಯಾಪಾರಿ ಕಚೇರಿಗಳ ಗಣಕ ಜಾಲಕ್ಕೆ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ: ದಾವಣಗೆರೆ, ಶಾಮನೂರು ಮತ್ತು ಹರಿಹರ ಭಾಗದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ದಾವಣಗೆರೆ ನಗರ, ನಗರಕ್ಕೆ ಹೊಂದಿಕೊಂಡಿರುವ ಶಾಮನೂರು ಮತ್ತು ತುಂಗಭದ್ರಾ ತೀರದ ಹರಿಹರ ಭಾಗದಲ್ಲಿ ಅಕ್ಕಿ ಗಿರಣಿ, ಜವಳಿ ಸಗಟು ವ್ಯಾಪಾರ, ದಲ್ಲಾಳಿ ಮಂಡಿ, ಮುದ್ರಣಾಲಯ, ನಾಗರಿಕ ಸೇವಾ ಕೇಂದ್ರ ಮುಂತಾದವುಗಳನ್ನು ಸ್ಥಾಪಿಸಲು ಅಥವಾ ವಿಸ್ತರಿಸಲು ಸಾಲ ಹಾಗೂ ಸಹಾಯಧನ ಕೋರುವ ಅರ್ಜಿದಾರರು ತಮ್ಮ ಯೋಜನಾ ವರದಿಯೊಂದಿಗೆ ಗಣಕಯಂತ್ರಗಳ ದರಪಟ್ಟಿಯನ್ನೂ ಲಗತ್ತಿಸುವುದು ವಾಡಿಕೆಯಾಗಿದೆ. ಯಂತ್ರದ ತಯಾರಕರು, ಮೆಮೊರಿ, ಪರದೆಯ ಅಳತೆ ಮುಂತಾದವು ಇಂತಹ ದರಪಟ್ಟಿಯಲ್ಲಿ ವಿವರವಾಗಿರುತ್ತವೆ. ಕೊನೆಯ ಸಾಲಿನಲ್ಲಿ ಮಾತ್ರ ಅನೇಕ ವೇಳೆ ‘ಆಪರೇಟಿಂಗ್ ಸಿಸ್ಟಂ ಸಹಿತ’ ಎಂದಷ್ಟೇ ಬರೆದಿರುತ್ತದೆ. ಯಾವ ವ್ಯವಸ್ಥೆ, ಯಾವ ಆವೃತ್ತಿ, ಪರವಾನಗಿ ಯಾರ ಹೆಸರಿನಲ್ಲಿ, ಎಷ್ಟು ವರ್ಷಗಳವರೆಗೆ ಸುರಕ್ಷತಾ ತಿದ್ದುಪಡಿ ದೊರೆಯುತ್ತದೆ ಎಂಬುದು ತಿಳಿಯುವುದಿಲ್ಲ.

ಕಾರ್ಯಾಚರಣ ವ್ಯವಸ್ಥೆ ಎಂದರೆ ಗಣಕಯಂತ್ರದ ಭಾಗಗಳನ್ನೂ ಅದರಲ್ಲಿ ನಡೆಯುವ ಇತರ ಎಲ್ಲ ತಂತ್ರಾಂಶಗಳನ್ನೂ ನಿಯಂತ್ರಿಸುವ ಮೂಲ ತಂತ್ರಾಂಶ. ಒಂದೇ ಯಂತ್ರವಿದ್ದಲ್ಲಿ ಅದರ ಆಯ್ಕೆ ಬಹುಮಟ್ಟಿಗೆ ಅನುಕೂಲದ ವಿಷಯ. ಐದಾರು ಯಂತ್ರಗಳನ್ನು ಜೋಡಿಸಿ, ಲೆಕ್ಕಪತ್ರಗಳನ್ನು ಒಂದು ಕಡೆ ಇರಿಸಿ, ಎಲ್ಲರೂ ಅದನ್ನೇ ಬಳಸುವ ಜಾಲವಾದರೆ ಪರಿಸ್ಥಿತಿ ಬೇರೆಯಾಗುತ್ತದೆ. ಒಂದು ಯಂತ್ರದ ದೋಷ ಇಡೀ ಕಚೇರಿಯ ದೋಷವಾಗಬಲ್ಲದು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 36ನೇ ಪ್ರಕರಣದಂತೆ ನೋಂದಾಯಿತ ವ್ಯಾಪಾರಿಯು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳುಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿರಿಸತಕ್ಕದ್ದು. ಗಣಕಯಂತ್ರ ಕೆಟ್ಟಿತೆಂಬ ಕಾರಣದಿಂದ ಈ ಹೊಣೆ ತಪ್ಪುವುದಿಲ್ಲ. ಆದ್ದರಿಂದ ದರಪಟ್ಟಿಯ ಆ ಕೊನೆಯ ಸಾಲು ಉಳಿದೆಲ್ಲ ಸಾಲುಗಳಷ್ಟೇ ಗಮನಕ್ಕೆ ಅರ್ಹವಾಗಿದೆ.

ಹಿಂದಿನ ವ್ಯವಸ್ಥೆಗಳು

1990ರ ದಶಕದಲ್ಲಿ ಭಾರತದ ಕಚೇರಿಗಳಲ್ಲಿ ಗಣಕ ಜಾಲವೆಂದರೆ ಬಹುತೇಕ ನೊವೆಲ್ ಸಂಸ್ಥೆಯ ನೆಟ್‌ವೇರ್ ಎಂದೇ ಅರ್ಥವಿತ್ತು. ಒಂದು ಸರ್ವರ್‌ಗೆ ಡಿಸ್ಕ್ ಇಲ್ಲದ ಅಗ್ಗದ ಯಂತ್ರಗಳನ್ನು ಜೋಡಿಸಿ ಡಾಸ್ ಕಾಲದ ಲೆಕ್ಕಪತ್ರ ತಂತ್ರಾಂಶಗಳನ್ನು ನಡೆಸಲಾಗುತ್ತಿತ್ತು. ಕಡತ ಮತ್ತು ಮುದ್ರಕಗಳನ್ನು ಹಂಚಿಕೊಡುವ ಕೆಲಸದಲ್ಲಿ ನೆಟ್‌ವೇರ್‌ಗೆ ಸರಿಸಾಟಿ ಇರಲಿಲ್ಲ. ಬ್ಯಾಂಕ್ ಶಾಖೆಗಳ ಗಣಕೀಕರಣದಲ್ಲಿ ಎಸ್‌ಸಿಒ ಯುನಿಕ್ಸ್ ಕೂಡ ಬಳಕೆಯಲ್ಲಿತ್ತು. 1993ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎನ್‌ಟಿ ಹೊರತಂದಿತು. 1996ರ 4.0 ಆವೃತ್ತಿ ನೋಡಲು ವಿಂಡೋಸ್ 95ರಂತೆಯೇ ಇದ್ದುದರಿಂದ, ಮೇಜಿನ ಮೇಲಿನ ಯಂತ್ರ ಬಲ್ಲವರು ಸರ್ವರ್ ಮುಂದೆಯೂ ಧೈರ್ಯವಾಗಿ ಕುಳಿತುಕೊಳ್ಳುವಂತಾಯಿತು. ನೊವೆಲ್ ಸಂಸ್ಥೆ ತಾನೇ ಲಿನಕ್ಸ್ ಕಡೆಗೆ ಹೊರಳಿ 2004ರಲ್ಲಿ ಸುಸೆ ಸಂಸ್ಥೆಯನ್ನು ಕೊಂಡಿತು. ನೆಟ್‌ವೇರ್‌ನ ಸಾಮಾನ್ಯ ಬೆಂಬಲ 2010ರಲ್ಲಿ ಮುಗಿಯಿತು. ಉತ್ತಮವಾಗಿ ಕೆಲಸ ಮಾಡುತ್ತಿದ್ದ ವ್ಯವಸ್ಥೆಯೂ ತನ್ನ ಮೇಲೆ ನಡೆಯುವ ಹೊಸ ತಂತ್ರಾಂಶಗಳಿಲ್ಲದೆ ಮೂಲೆಗೆ ಸರಿಯಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಸರ್ಕಾರದ ಸೇವೆಗಳೂ ಇಂತಹ ಬದಲಾವಣೆಯನ್ನು ಕಂಡಿವೆ. ಪಹಣಿ ದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಲ್ಲಿ, 2000ದ ದಶಕದ ಆರಂಭದಲ್ಲಿ, ಪ್ರತಿ ತಾಲ್ಲೂಕು ಕಚೇರಿಗೂ ತನ್ನದೇ ಸರ್ವರ್ ಮತ್ತು ಅದಕ್ಕೆ ಜೋಡಿಸಿದ ಯಂತ್ರಗಳಿದ್ದವು. ನಂತರದ ವರ್ಷಗಳಲ್ಲಿ ದತ್ತಾಂಶವು ರಾಜ್ಯಮಟ್ಟದ ಕೇಂದ್ರದಲ್ಲಿ ಒಂದುಗೂಡಿ, ಸೇವೆಯು ಅಂತರ್ಜಾಲದ ಮೂಲಕ ದೊರೆಯಲಾರಂಭಿಸಿತು. ಗ್ರಾಮ ಒನ್ ಯೋಜನೆಯು 2020ರಲ್ಲಿ ಪ್ರಾಯೋಗಿಕವಾಗಿ ಮೊದಲು ಜಾರಿಯಾದದ್ದು ದಾವಣಗೆರೆ ಜಿಲ್ಲೆಯಲ್ಲಿಯೇ. ಈ ಬಗೆಯ ಕೇಂದ್ರಗಳಲ್ಲಿ ಅರ್ಜಿ ತುಂಬುವುದು ಬ್ರೌಸರ್‌ನಲ್ಲಿ. ಬ್ರೌಸರ್‌ಗೆ ತಾನು ಯಾವ ಕಾರ್ಯಾಚರಣ ವ್ಯವಸ್ಥೆಯ ಮೇಲಿದ್ದೇನೆಂಬುದು ಅಷ್ಟಾಗಿ ಮುಖ್ಯವಲ್ಲ. ಯಂತ್ರಕ್ಕೆ ಜೋಡಿಸುವ ಬೆರಳಚ್ಚು ಸಾಧನ, ಸ್ಕ್ಯಾನರ್, ಮುದ್ರಕ, ಡಿಜಿಟಲ್ ಸಹಿಯ ಟೋಕನ್ ಇವುಗಳಿಗೆ ಮಾತ್ರ ಅದು ಬಹಳ ಮುಖ್ಯ.

ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕು

ವಿಂಡೋಸ್ ಉತ್ತಮವೋ ಲಿನಕ್ಸ್ ಉತ್ತಮವೋ ಎಂಬ ಪ್ರಶ್ನೆಯಿಂದ ಆರಂಭಿಸಿದರೆ ಉತ್ತರ ಸಿಗುವುದು ಕಷ್ಟ. ಕಚೇರಿಯಲ್ಲಿ ದಿನವೂ ಬಳಸಲೇಬೇಕಾದ ತಂತ್ರಾಂಶ ಮತ್ತು ಸಾಧನಗಳ ಪಟ್ಟಿಯಿಂದ ಆರಂಭಿಸಿದರೆ ಅರ್ಧ ನಿರ್ಧಾರ ತಾನಾಗಿಯೇ ಆಗುತ್ತದೆ.

ವ್ಯಾಪಾರಿ ಕಚೇರಿಗಳಲ್ಲಿ ಈ ಪಟ್ಟಿಯ ಮೊದಲ ಹೆಸರು ಸಾಮಾನ್ಯವಾಗಿ ಟ್ಯಾಲಿ. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಸಂಸ್ಥೆಯ ಈ ತಂತ್ರಾಂಶವು ವಿಂಡೋಸ್‌ಗಾಗಿ ರಚಿತವಾದುದು. ಲಿನಕ್ಸ್ ಮೇಲೆ ವೈನ್ ಎಂಬ ಮಧ್ಯವರ್ತಿ ತಂತ್ರಾಂಶದ ನೆರವಿನಿಂದ ಅದನ್ನು ನಡೆಸಿದವರಿದ್ದಾರೆ. ಆದರೆ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಏನಾದರೂ ಕೈಕೊಟ್ಟರೆ ಹೊಣೆ ಹೊರುವವರು ಯಾರೂ ಇರುವುದಿಲ್ಲ. ಲೆಕ್ಕ ಬರೆಯುವ ಯಂತ್ರದಲ್ಲಿ ಟ್ಯಾಲಿ ಇರಬೇಕೆಂದಾದರೆ ಆ ಯಂತ್ರದಲ್ಲಿ ವಿಂಡೋಸ್ ಇರುವುದೇ ಸೂಕ್ತ.

ಎರಡನೆಯದು ಡಿಜಿಟಲ್ ಸಹಿ. ಟೆಂಡರ್, ತೆರಿಗೆ, ಕಂಪನಿ ನೋಂದಣಿ ಮುಂತಾದ ಕಾರ್ಯಗಳಿಗೆ ಬಳಸುವ ಯುಎಸ್‌ಬಿ ಟೋಕನ್‌ಗಳ ಚಾಲಕ ತಂತ್ರಾಂಶಗಳು ವಿಂಡೋಸ್‌ಗೆ ಸುಲಭವಾಗಿ ದೊರೆಯುತ್ತವೆ. ಲಿನಕ್ಸ್‌ಗೆ ಕೆಲವು ಟೋಕನ್‌ಗಳಿಗೆ ಮಾತ್ರ ದೊರೆಯುತ್ತವೆ. ಟೋಕನ್ ಕೊಳ್ಳುವ ಮುನ್ನವೇ ಇದನ್ನು ಮಾರಾಟಗಾರರಲ್ಲಿ ವಿಚಾರಿಸುವುದು ಒಳಿತು. ಬೆರಳಚ್ಚು ಸಾಧನಗಳ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ.

ಮೂರನೆಯದನ್ನು ಗಿರಣಿ ಮಾಲೀಕರು ಮಾತ್ರ ಬಲ್ಲರು. ಲಾರಿ ತೂಗುವ ವೇಬ್ರಿಡ್ಜ್‌ನ ಕೋಣೆಯಲ್ಲಿ ಒಂದು ಹಳೆಯ ಗಣಕಯಂತ್ರವಿರುತ್ತದೆ. ತೂಕದ ಸಾಧನದಿಂದ ಹೊರಟ ತಂತಿ ಅದರ ಹಳೆಯ ಬಗೆಯ ಸೀರಿಯಲ್ ಪೋರ್ಟ್‌ಗೆ ಸೇರುತ್ತದೆ, ತೂಕದ ಚೀಟಿ ಮುದ್ರಿಸುವ ತಂತ್ರಾಂಶವನ್ನು ಎಂದೋ ಯಾರೋ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7ಕ್ಕಾಗಿ ಬರೆದುಕೊಟ್ಟಿರುತ್ತಾರೆ. ಹೊಸ ಯಂತ್ರಕ್ಕೆ ಅದನ್ನು ಒಗ್ಗಿಸಲು ಬರೆದವರೇ ಬೇಕು, ಅವರು ಊರಿನಲ್ಲಿರುವುದಿಲ್ಲ. ಇಂತಹ ಯಂತ್ರವನ್ನು ಎಸೆಯಲಾಗದು, ನಂಬಲೂ ಆಗದು. ಅದಕ್ಕೆ ಅಂತರ್ಜಾಲ ಸಂಪರ್ಕ ಕೊಡದೆ, ಕಚೇರಿಯ ಜಾಲದಿಂದಲೂ ಬೇರ್ಪಡಿಸಿ, ತೂಕದ ಕೆಲಸಕ್ಕೆ ಮಾತ್ರ ಸೀಮಿತಗೊಳಿಸುವುದು ಸದ್ಯದ ಪರಿಹಾರ. ದಿನದ ಕೊನೆಯಲ್ಲಿ ತೂಕದ ವಿವರಗಳನ್ನು ಕೈಯಿಂದಲೇ ಲೆಕ್ಕದ ಯಂತ್ರಕ್ಕೆ ಏರಿಸುವುದು ಹಳೆಯ ಪದ್ಧತಿಯೆಂದು ತೋರಿದರೂ, ಎರಡು ಯಂತ್ರಗಳ ನಡುವೆ ಪೆನ್ ಡ್ರೈವ್ ಓಡಾಡುವುದಕ್ಕಿಂತ ಸುರಕ್ಷಿತ.

ಕಚೇರಿಯಲ್ಲಿ ಉಳಿದ ಯಂತ್ರಗಳ ಕೆಲಸವೇನೆಂದು ನೋಡಿದರೆ ಬಹುತೇಕ ಪತ್ರ ಬರೆಯುವುದು, ಮಿಂಚಂಚೆ, ಸರ್ಕಾರಿ ಜಾಲತಾಣಗಳಲ್ಲಿ ಅರ್ಜಿ ತುಂಬುವುದು. ಜವಳಿ ವ್ಯಾಪಾರಿಯ ಲಾರಿಗೆ ಇ-ವೇ ಬಿಲ್ ತೆಗೆಯುವುದೂ ಬ್ರೌಸರ್‌ನಲ್ಲಿಯೇ. ರಾಜ್ಯದೊಳಗಿನ ಸಾಗಾಣಿಕೆಗೆ ಇ-ವೇ ಬಿಲ್ ಅನ್ನು ದೇಶದಲ್ಲಿ ಮೊದಲು, 2018ರ ಏಪ್ರಿಲ್ 1ರಂದು, ಜಾರಿಗೊಳಿಸಿದ್ದು ಕರ್ನಾಟಕವೇ. ಈ ಬಗೆಯ ಕೆಲಸಗಳಿಗೆ ಲಿನಕ್ಸ್ ಯಂತ್ರ ಧಾರಾಳವಾಗಿ ಸಾಕಾಗುತ್ತದೆ.

ವಿಂಡೋಸ್: ಪರವಾನಗಿಯ ಲೆಕ್ಕ

ವಿಂಡೋಸ್ ಎಂಬ ಒಂದೇ ಹೆಸರಿನಡಿ ಹಲವು ಬಗೆಗಳಿವೆ. ಲ್ಯಾಪ್‌ಟಾಪ್‌ಗಳೊಂದಿಗೆ ಅನೇಕ ವೇಳೆ ಬರುವ ಹೋಮ್ ಆವೃತ್ತಿಯನ್ನು ಡೊಮೇನ್ ಎಂಬ ಕೇಂದ್ರೀಕೃತ ಬಳಕೆದಾರ ವ್ಯವಸ್ಥೆಗೆ ಸೇರಿಸಲಾಗದು. ಕಚೇರಿಗೆ ಪ್ರೊ ಆವೃತ್ತಿ ಬೇಕಾಗುತ್ತದೆ. ಪ್ರತ್ಯೇಕ ಸರ್ವರ್ ಕೊಳ್ಳದೆ ವಿಂಡೋಸ್ 10 ಅಥವಾ 11 ಇರುವ ಒಂದು ಯಂತ್ರದ ಕಡತಗಳನ್ನೇ ಉಳಿದವರೊಂದಿಗೆ ಹಂಚಿಕೊಳ್ಳುವುದಾದರೆ, ಏಕಕಾಲಕ್ಕೆ ಗರಿಷ್ಠ 20 ಸಾಧನಗಳು ಸಂಪರ್ಕಿಸಬಹುದು. ಐದಾರು ಜನರ ಕಚೇರಿಗೆ ಇದು ಸಾಕು. ಹಾಗಿರುವಾಗ ಮಾರಾಟಗಾರರು ವಿಂಡೋಸ್ ಸರ್ವರ್ ಬೇಕೇಬೇಕೆಂದು ಹೇಳಿದರೆ ಕಾರಣ ಕೇಳುವ ಹಕ್ಕು ಅರ್ಜಿದಾರರಿಗಿದೆ.

ವಿಂಡೋಸ್ ಸರ್ವರ್‌ನ ಸ್ಟ್ಯಾಂಡರ್ಡ್ ಆವೃತ್ತಿಯ ಬೆಲೆಯು ಯಂತ್ರದ ಸಂಸ್ಕಾರಕದ ಕೋರ್‌ಗಳ ಸಂಖ್ಯೆಯನ್ನು ಅವಲಂಬಿಸಿದೆ. ಕನಿಷ್ಠ 16 ಕೋರ್‌ಗಳಿಗೆ ಪರವಾನಗಿ ಪಡೆಯತಕ್ಕದ್ದು. ಇದಲ್ಲದೆ ಅದನ್ನು ಬಳಸುವ ಪ್ರತಿ ವ್ಯಕ್ತಿಗೆ ಅಥವಾ ಪ್ರತಿ ಸಾಧನಕ್ಕೆ ಪ್ರತ್ಯೇಕ ಬಳಕೆಯ ಪರವಾನಗಿ ಬೇಕು. ಈ ಎರಡನೆಯ ಭಾಗ ಹಲವು ದರಪಟ್ಟಿಗಳಲ್ಲಿ ಕಾಣುವುದೇ ಇಲ್ಲ. ಯೋಜನಾ ವೆಚ್ಚ ಮಂಜೂರಾದ ನಂತರ ಹೊರಬೀಳುತ್ತದೆ. ಇಷ್ಟು ವೆಚ್ಚಕ್ಕೆ ಪ್ರತಿಯಾಗಿ ದೊರೆಯುವುದು ಕಡಿಮೆಯೇನಲ್ಲ. ಯಾರು ಯಾವ ಕಡತ ನೋಡಬಹುದು, ಕೆಲಸ ಬಿಟ್ಟುಹೋದವರ ಪ್ರವೇಶವನ್ನು ಒಂದೇ ಕಡೆಯಿಂದ ಹೇಗೆ ನಿಲ್ಲಿಸುವುದು, ಎಲ್ಲ ಯಂತ್ರಗಳಿಗೂ ತಿದ್ದುಪಡಿ ಸೇರಿತೇ ಎಂಬುದನ್ನು ಒಂದು ಮೇಜಿನಿಂದ ನೋಡಿಕೊಳ್ಳಬಹುದು. ಮೂವತ್ತು ನಲವತ್ತು ಯಂತ್ರಗಳಿರುವ ಆಸ್ಪತ್ರೆ ಅಥವಾ ವಿದ್ಯಾಸಂಸ್ಥೆಗೆ ಇದು ಅಗತ್ಯವೇ ಆಗಬಹುದು.

ಅವಧಿಯ ಪ್ರಶ್ನೆಯನ್ನು ದರಕ್ಕಿಂತ ಮೊದಲು ಕೇಳತಕ್ಕದ್ದು. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ ಸರ್ವರ್ 2012 ಆವೃತ್ತಿಗೆ 2023ರ ಅಕ್ಟೋಬರ್ 10 ಕೊನೆಯ ದಿನವಾಗಿತ್ತು. ಸರ್ವರ್ 2019ಕ್ಕೆ 2029ರ ಜನವರಿಯವರೆಗೆ, ಸರ್ವರ್ 2022ಕ್ಕೆ 2031ರ ಅಕ್ಟೋಬರ್‌ವರೆಗೆ ಸುರಕ್ಷತಾ ತಿದ್ದುಪಡಿಗಳನ್ನು ಘೋಷಿಸಲಾಗಿದೆ. ಐದು ವರ್ಷದ ಸಾಲದಲ್ಲಿ ಕೊಂಡ ಸರ್ವರ್‌ನ ಬೆಂಬಲ ಎರಡೇ ವರ್ಷದಲ್ಲಿ ಮುಗಿಯುವಂತಿದ್ದರೆ, ಸಾಲದ ಕಂತು ನಡೆಯುತ್ತಿರುವಾಗಲೇ ಮತ್ತೊಂದು ವೆಚ್ಚಕ್ಕೆ ಸಿದ್ಧರಾಗಬೇಕಾಗುತ್ತದೆ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಭಾಗ ಹಾಗೂ ಸಾಕಷ್ಟು ಹೊಸ ಸಂಸ್ಕಾರಕ ಬೇಕಾಗಿರುವುದರಿಂದ ಗಟ್ಟಿಮುಟ್ಟಾಗಿರುವ ಅನೇಕ ಹಳೆಯ ಯಂತ್ರಗಳು ಅದನ್ನು ಅಧಿಕೃತವಾಗಿ ಸ್ವೀಕರಿಸುವುದಿಲ್ಲ. ಅಂತಹ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಮುಂದಿನ ಭಾಗವನ್ನು ಗಮನಿಸಬಹುದು.

ಲಿನಕ್ಸ್: ಉಚಿತವಾದುದು ಯಾವುದು, ಆಗದಿರುವುದು ಯಾವುದು

1991ರಲ್ಲಿ ಫಿನ್ಲೆಂಡ್‌ನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಮುಕ್ತ ಆಕರದ ವ್ಯವಸ್ಥೆ. ಅದರ ಆಕರ ಸಂಕೇತವನ್ನು ಯಾರು ಬೇಕಾದರೂ ನೋಡಬಹುದು, ಬದಲಿಸಬಹುದು, ಹಂಚಬಹುದು. ಡೆಬಿಯನ್, ಉಬುಂಟು, ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಇವು ಅದರ ವಿತರಣೆಗಳಲ್ಲಿ ಕೆಲವು. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಬಾಸ್ ಎಂಬ ವಿತರಣೆಯನ್ನು ಭಾರತೀಯ ಭಾಷೆಗಳ ಬೆಂಬಲದೊಂದಿಗೆ ಹೊರತಂದಿತು. ಸರ್ಕಾರಿ ಸಂಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಭಾರತ ಸರ್ಕಾರ 2015ರಲ್ಲಿ ಪ್ರಕಟಿಸಿತು. ನೆರೆಯ ಕೇರಳದಲ್ಲಿ ಸರ್ಕಾರಿ ಶಾಲೆಗಳ ಗಣಕಯಂತ್ರಗಳು ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ ನಡೆಯುತ್ತಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಗಣಕ ಕಲಿಯುತ್ತಾರೆ. ಲಿನಕ್ಸ್ ಸಾಮಾನ್ಯರ ಕೈಗೆ ಎಟುಕದ ವಿದ್ಯೆಯೆಂಬ ಮಾತು ಇದರಿಂದ ನಿಲ್ಲುವುದಿಲ್ಲ.

ಲಿನಕ್ಸ್ ತಾವು ಎಂದೂ ಬಳಸಿಲ್ಲವೆನ್ನುವವರ ಕಚೇರಿಯಲ್ಲಿಯೂ ಅದು ಇರುವ ಸಾಧ್ಯತೆಯೇ ಹೆಚ್ಚು. ಆಂಡ್ರಾಯ್ಡ್ ದೂರವಾಣಿಯ ಒಡಲು ಲಿನಕ್ಸ್. ವೈಫೈ ರೂಟರ್, ಸಿಸಿಟಿವಿ ಚಿತ್ರ ದಾಖಲಿಸುವ ಪೆಟ್ಟಿಗೆ, ಜಾಲಕ್ಕೆ ಜೋಡಿಸುವ ಡಿಸ್ಕ್ ಪೆಟ್ಟಿಗೆ ಇವುಗಳಲ್ಲಿ ಬಹುಪಾಲು ಅದರ ಮೇಲೆಯೇ ನಡೆಯುತ್ತವೆ.

ವಿಂಡೋಸ್ ಯಂತ್ರಗಳಿಗೆ ಕಡತ ಹಂಚಿಕೊಡುವ ಕೆಲಸವನ್ನು ಲಿನಕ್ಸ್ ಸರ್ವರ್‌ನಲ್ಲಿ ಮಾಡುವ ತಂತ್ರಾಂಶ ಸಾಂಬಾ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಆರಂಭಿಸಿದ ಇದು 2012ರ 4.0 ಆವೃತ್ತಿಯಿಂದ ವಿಂಡೋಸ್ ಡೊಮೇನ್ ನಿಯಂತ್ರಕನ ಪಾತ್ರವನ್ನೂ ನಿರ್ವಹಿಸಬಲ್ಲದು. ಬಳಕೆದಾರರ ಸಂಖ್ಯೆಗೆ ತಕ್ಕಂತೆ ಹಣ ಕೊಡುವ ಪ್ರಶ್ನೆ ಇಲ್ಲಿಲ್ಲ. ಆದರೆ ಟ್ಯಾಲಿಯ ದತ್ತಾಂಶವನ್ನು ಸಾಂಬಾ ಮೇಲಿರಿಸಿ ಹಲವರು ಏಕಕಾಲಕ್ಕೆ ಬಳಸುವುದಾದರೆ ಎಚ್ಚರಿಕೆ ಅಗತ್ಯ. ಒಬ್ಬರು ಬರೆಯುತ್ತಿರುವಾಗ ಮತ್ತೊಬ್ಬರು ಅದೇ ಜಾಗದಲ್ಲಿ ಬರೆಯದಂತೆ ತಡೆಯುವ ‘ಕಡತ ಬೀಗ’ದ ವ್ಯವಸ್ಥೆ ಎರಡೂ ಕಡೆ ಸರಿಯಾಗಿ ಹೊಂದಬೇಕು. ಹೊಂದದಿದ್ದರೆ ದತ್ತಾಂಶ ಕೆಡುತ್ತದೆ, ಅದೂ ತಕ್ಷಣ ಗೊತ್ತಾಗದಂತೆ ಕೆಡುತ್ತದೆ. ನಕಲು ದತ್ತಾಂಶವಿಟ್ಟು ಒಂದೆರಡು ವಾರ ಪರೀಕ್ಷಿಸದೆ ನಿಜವಾದ ಲೆಕ್ಕವನ್ನು ಅದಕ್ಕೆ ವರ್ಗಾಯಿಸಬಾರದು. ಪರೀಕ್ಷಿಸಲು ಜನರಿಲ್ಲದಿದ್ದರೆ ಟ್ಯಾಲಿಯ ದತ್ತಾಂಶ ವಿಂಡೋಸ್ ಯಂತ್ರದಲ್ಲಿಯೇ ಇದ್ದು, ಲಿನಕ್ಸ್ ಸರ್ವರ್ ಅದರ ರಾತ್ರಿಯ ಪ್ರತಿಗಳನ್ನು ಮಾತ್ರ ಕಾಯ್ದಿಟ್ಟುಕೊಳ್ಳಲಿ.

ಉಚಿತವೆಂಬುದು ಪರವಾನಗಿಗೆ ಮಾತ್ರ ಸಂಬಂಧಿಸಿದ ಮಾತು. ಸರ್ವರ್ ನಿಂತಾಗ ಕರೆದೊಡನೆ ಬರುವ ತಂತ್ರಜ್ಞ ಉಚಿತವಲ್ಲ. ವಿಂಡೋಸ್ ದುರಸ್ತಿ ಮಾಡುವವರು ದಾವಣಗೆರೆಯ ಯಾವ ಬಡಾವಣೆಯಲ್ಲಿಯೂ ದೊರೆಯುತ್ತಾರೆ. ಲಿನಕ್ಸ್ ಸರ್ವರ್ ನಿರ್ವಹಿಸಬಲ್ಲವರನ್ನು ಹುಡುಕಬೇಕಾಗುತ್ತದೆ. ಶಾಮನೂರು ರಸ್ತೆಯ ಬಾಪೂಜಿ ಇಂಜಿನಿಯರಿಂಗ್ ಕಾಲೇಜು, ನಗರದ ಬಿ.ಡಿ.ಟಿ. ಕಾಲೇಜು ಮುಂತಾದ ಸಂಸ್ಥೆಗಳಿಂದ ಪ್ರತಿವರ್ಷ ಈ ವಿದ್ಯೆ ಬಲ್ಲ ಪದವೀಧರರು ಹೊರಬರುತ್ತಾರಾದರೂ ಅವರಲ್ಲಿ ಅನೇಕರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಆದ್ದರಿಂದ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವ ಜನ ಮೊದಲು, ಲಿನಕ್ಸ್ ಸರ್ವರ್ ನಂತರ ಎಂಬ ಕ್ರಮವೇ ಸರಿಯಾದುದು.

ಅವಧಿಯ ಪ್ರಶ್ನೆ ಲಿನಕ್ಸ್‌ಗೂ ಇದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಸಾಮಾನ್ಯ ಬೆಂಬಲವಿದೆ. 2024ರ ಆವೃತ್ತಿಗೆ ಅದು 2029ರವರೆಗೆ. ಆಲ್ಮಾಲಿನಕ್ಸ್ 9ಕ್ಕೆ 2032ರವರೆಗೆ. ಸರ್ವರ್‌ಗಳಲ್ಲಿ ಬಹು ಜನಪ್ರಿಯವಾಗಿದ್ದ ಸೆಂಟ್‌ಒಎಸ್ 8ರ ಬೆಂಬಲವನ್ನು ಮೊದಲು ಹೇಳಿದ್ದ 2029ರ ಬದಲು 2021ರ ಡಿಸೆಂಬರ್ 31ಕ್ಕೇ ನಿಲ್ಲಿಸಲಾಯಿತು. ಉಚಿತ ವ್ಯವಸ್ಥೆಯ ಹಿಂದೆಯೂ ಯಾವುದೋ ಸಂಸ್ಥೆಯ ನಿರ್ಧಾರವಿರುತ್ತದೆ ಎಂಬುದನ್ನು ಅಂದು ಹಲವರು ಮನಗಂಡರು.

ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳು ಮುದ್ರಣ ಹಾಗೂ ವಿನ್ಯಾಸದ ಕಚೇರಿಗಳಲ್ಲಿ ಬಳಕೆಯಲ್ಲಿವೆ. ಮ್ಯಾಕ್‌ಒಎಸ್ ಸರ್ವರ್ ಎಂಬ ಪ್ರತ್ಯೇಕ ಉತ್ಪನ್ನವನ್ನು ಆ ಸಂಸ್ಥೆ 2022ರಲ್ಲಿ ನಿಲ್ಲಿಸಿದ ಕಾರಣ ಜಾಲದ ಸರ್ವರ್ ಆಗಿ ಅದನ್ನು ಪರಿಗಣಿಸುವ ಅಗತ್ಯವಿಲ್ಲ.

ಕನ್ನಡದ ಬಳಕೆ

ಯುನಿಕೋಡ್ ಕನ್ನಡವು ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಿಂದ, ತುಂಗಾ ಅಕ್ಷರವಿನ್ಯಾಸದೊಂದಿಗೆ, ಲಭ್ಯವಿದೆ. ಲಿನಕ್ಸ್‌ನಲ್ಲಿ ಲೋಹಿತ್ ಹಾಗೂ ನೋಟೋ ಅಕ್ಷರವಿನ್ಯಾಸಗಳಿದ್ದು, ಕರ್ನಾಟಕದಲ್ಲಿ ರೂಢಿಯಲ್ಲಿರುವ ಕಗಪ ಕೀಲಿಮಣೆ ವಿನ್ಯಾಸವೂ ದೊರೆಯುತ್ತದೆ. ತೊಡಕಿರುವುದು ಹಳೆಯ ಕಡತಗಳಲ್ಲಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಯುನಿಕೋಡ್ ಪೂರ್ವದ ಅಕ್ಷರಗಳಲ್ಲಿ ಬರೆದಿಟ್ಟ ಪತ್ರಗಳು, ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಹೊಸ ಯಂತ್ರದಲ್ಲಿ ವಿಂಡೋಸ್ ಇದ್ದರೂ ಅಕ್ಷರವಿನ್ಯಾಸ ಹಾಕದಿದ್ದರೆ ಇದೇ ಗತಿ. ಹಾಗಾಗಿ ಇದನ್ನು ಲಿನಕ್ಸ್‌ನ ದೋಷವೆಂದು ಭಾವಿಸಬಾರದು. ಹತ್ತು ಹದಿನೈದು ವರ್ಷಗಳ ಪತ್ರವ್ಯವಹಾರ ಇರುವ ಸಂಘ ಸಂಸ್ಥೆಗಳು ವ್ಯವಸ್ಥೆ ಬದಲಿಸುವ ಮುನ್ನವೇ ಆ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳು ಹಾಗೂ ಅಂಕಿಗಳು ಸರಿಯಾಗಿವೆಯೇ ಎಂದು ಓದಿ ನೋಡುವುದು ಅಗತ್ಯ.

ಪರವಾನಗಿ ಇಲ್ಲದ ಪ್ರತಿಗಳು

‘ಸಹಿತ’ ಎಂಬ ಪದದ ಹಿಂದೆ ಕೆಲವೊಮ್ಮೆ ಅಡಗಿರುವುದು ಇದು. ಒಂದೇ ಪ್ರತಿಯನ್ನು ಎಲ್ಲ ಯಂತ್ರಗಳಿಗೂ ಹಾಕಿ, ಪರವಾನಗಿ ಪರೀಕ್ಷೆಯನ್ನು ತಪ್ಪಿಸುವ ಸಣ್ಣ ತಂತ್ರಾಂಶವೊಂದನ್ನು ಜೊತೆಗೆ ಸೇರಿಸಲಾಗಿರುತ್ತದೆ. ಹಾಗೆ ತಪ್ಪಿಸುವ ತಂತ್ರಾಂಶಕ್ಕೆ ಯಂತ್ರದ ಮೇಲೆ ಸಂಪೂರ್ಣ ಅಧಿಕಾರ ಕೊಟ್ಟಿರುತ್ತದೆ, ಅದನ್ನು ಒಳಬಿಡುವ ಸಲುವಾಗಿ ವೈರಸ್ ನಿರೋಧಕವನ್ನೂ ಸುಮ್ಮನಾಗಿಸಿರುತ್ತದೆ. ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಅಪರಿಚಿತನಿಗೆ ಕೊಟ್ಟಂತೆ. ಕೃತಿಸ್ವಾಮ್ಯ ಅಧಿನಿಯಮ, 1957ರ 63ಬಿ ಪ್ರಕರಣದಂತೆ ನಕಲಿ ಎಂದು ತಿಳಿದೂ ಗಣಕ ತಂತ್ರಾಂಶವನ್ನು ಬಳಸುವುದು ಅಪರಾಧವಾಗಿದ್ದು, ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ. ವ್ಯಾಪಾರದ ಲಾಭಕ್ಕಾಗಿ ಬಳಸದಿದ್ದಲ್ಲಿ ನ್ಯಾಯಾಲಯವು ಕಾರಾಗೃಹವಾಸ ವಿಧಿಸದಿರಬಹುದು. ಆ ರಿಯಾಯಿತಿ ವ್ಯಾಪಾರಿ ಕಚೇರಿಗೆ ಅನ್ವಯಿಸುವಂತಹುದಲ್ಲ. ವೆಚ್ಚ ಭರಿಸಲಾಗದವರು ನಕಲಿ ವಿಂಡೋಸ್‌ಗಿಂತ ಅಸಲಿ ಲಿನಕ್ಸ್ ಬಳಸುವುದು ಎಲ್ಲ ವಿಧದಲ್ಲಿಯೂ ಮೇಲು.

ಒತ್ತೆಹಣದ ದಾಳಿ ಮತ್ತು ಬ್ಯಾಕಪ್

2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶವು ಕೆಲವೇ ಗಂಟೆಗಳಲ್ಲಿ ಹಲವು ದೇಶಗಳ ಗಣಕಯಂತ್ರಗಳ ಕಡತಗಳನ್ನು ಗೂಢಲಿಪಿಗೆ ಬದಲಿಸಿ, ಬಿಡಿಸಿಕೊಡಲು ಹಣ ಕೇಳಿತು. ಜಾಲದಲ್ಲಿ ಕಡತ ಹಂಚಿಕೊಳ್ಳಲು ವಿಂಡೋಸ್ ಬಳಸುವ ಎಸ್‌ಎಂಬಿ ಎಂಬ ವಿಧಾನದ ಹಳೆಯ ಆವೃತ್ತಿಯ ದೋಷವೇ ಅದರ ದಾರಿಯಾಗಿತ್ತು. ಒಂದು ಯಂತ್ರಕ್ಕೆ ಹೊಕ್ಕರೆ ಸಾಕು, ಯಾರೂ ಏನನ್ನೂ ಒತ್ತದೆಯೇ ಪಕ್ಕದ ಯಂತ್ರಕ್ಕೆ ಹರಡುತ್ತಿತ್ತು. ಆ ದೋಷದ ತಿದ್ದುಪಡಿಯನ್ನು ಅದೇ ವರ್ಷದ ಮಾರ್ಚ್ 14ರಂದೇ ಪ್ರಕಟಿಸಲಾಗಿತ್ತು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಹೆಚ್ಚಿನವು ತಿದ್ದುಪಡಿ ಹಾಕದ ವಿಂಡೋಸ್ 7 ಯಂತ್ರಗಳು. ಲಿನಕ್ಸ್ ಬಳಸುವವರು ನಿಶ್ಚಿಂತರಾಗಿರಬಹುದೆಂದು ಇದರ ಅರ್ಥವಲ್ಲ: ಅದೇ ಮೇ ತಿಂಗಳಲ್ಲಿ ಸಾಂಬಾದಲ್ಲಿಯೂ ಗಂಭೀರ ದೋಷವೊಂದು ಪತ್ತೆಯಾಗಿ ತುರ್ತಾಗಿ ತಿದ್ದುಪಡಿ ನೀಡಬೇಕಾಯಿತು.

ಸರ್ವರ್ ಯಾವುದೇ ಇರಲಿ, ಲೆಕ್ಕದ ಯಂತ್ರದಿಂದ ಬರೆಯಲು ಸಾಧ್ಯವಿರುವ ಪ್ರತಿಯೊಂದು ಕಡತವನ್ನೂ ಅದಕ್ಕೆ ಹೊಕ್ಕ ಕುತಂತ್ರಾಂಶವೂ ಬರೆಯಬಲ್ಲದು. ಜಾಲದಲ್ಲಿ ಸದಾ ತೆರೆದಿರುವ ಬ್ಯಾಕಪ್ ಡಿಸ್ಕ್ ಈ ಕಾರಣದಿಂದ ಬ್ಯಾಕಪ್ ಎನಿಸಿಕೊಳ್ಳುವುದಿಲ್ಲ. ಲಿನಕ್ಸ್ ಸರ್ವರ್ ಇಲ್ಲಿ ನಿಜವಾದ ಉಪಕಾರ ಮಾಡುತ್ತದೆ: ವಿಂಡೋಸ್ ಯಂತ್ರಗಳಿಂದ ಅದೇ ರಾತ್ರಿ ವೇಳೆ ಪ್ರತಿಯನ್ನು ಎಳೆದುಕೊಳ್ಳುವಂತೆ, ಆ ಯಂತ್ರಗಳಿಗೆ ಅದರೊಳಗೆ ಬರೆಯುವ ಅಧಿಕಾರವೇ ಇರದಂತೆ ಅಳವಡಿಸಬಹುದು. ವಿಂಡೋಸ್ 11 ಸ್ವೀಕರಿಸದ ಹಳೆಯ ಯಂತ್ರವೊಂದಕ್ಕೆ ಹೊಸ ಡಿಸ್ಕ್ ಹಾಕಿದರೆ ಈ ಕೆಲಸಕ್ಕೆ ಸಾಕು. ಇದರ ಜೊತೆಗೆ ವಾರಕ್ಕೊಮ್ಮೆ ತೆಗೆದ ಪ್ರತಿಯಿರುವ ಡಿಸ್ಕೊಂದು ತಂತಿ ಕಳಚಿದ ಸ್ಥಿತಿಯಲ್ಲಿ ಕಚೇರಿಯ ಹೊರಗೆ ಇರಬೇಕು. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡದಿದ್ದರೆ, ಅದು ತೆರೆಯುತ್ತದೆಯೋ ಇಲ್ಲವೋ ಎಂಬುದು ಬೇಕಾದ ದಿನವೇ ತಿಳಿಯುತ್ತದೆ.

ವಿದ್ಯುತ್ ವ್ಯತ್ಯಯದ ಬಗ್ಗೆಯೂ ಒಂದು ತಪ್ಪು ಕಲ್ಪನೆಯಿದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಹಾಗೂ ಲಿನಕ್ಸ್‌ನ ಇಎಕ್ಸ್‌ಟಿ4 ಎರಡೂ, ಹಠಾತ್ತನೆ ವಿದ್ಯುತ್ ಹೋದರೂ ಡಿಸ್ಕಿನ ರಚನೆ ಕೆಡದಂತೆ ದಿನಚರಿ ಬರೆದಿಟ್ಟುಕೊಳ್ಳುತ್ತವೆ. ಅವು ಕಾಪಾಡುವುದು ಕಡತಗಳ ಕಪಾಟನ್ನು. ಕಡತದೊಳಗೆ ಅರ್ಧ ಬರೆದ ಲೆಕ್ಕವನ್ನಲ್ಲ. ಸರ್ವರ್‌ಗೂ, ಅದಕ್ಕೆ ಸಂಪರ್ಕ ಕೊಡುವ ಸ್ವಿಚ್‌ಗೂ ಯುಪಿಎಸ್ ಇರತಕ್ಕದ್ದು. ಲೆಕ್ಕದ ಯಂತ್ರಗಳನ್ನು ವೈಫೈ ಬದಲು ತಂತಿಯಿಂದಲೇ ಜೋಡಿಸುವುದು ಕ್ಷೇಮ.

ಆರು ಯಂತ್ರಗಳ ಕಚೇರಿಗೆ ಒಂದು ಮಾದರಿ

ಇಬ್ಬರು ಲೆಕ್ಕ ಬರೆಯುವವರು, ಒಬ್ಬರು ಬಿಲ್ಲಿನವರು, ಪತ್ರವ್ಯವಹಾರಕ್ಕೆ ಒಬ್ಬರು, ಮಾಲೀಕರು ಹಾಗೂ ವೇಬ್ರಿಡ್ಜ್ ಇರುವ ಗಿರಣಿಯನ್ನು ಊಹಿಸಿಕೊಂಡರೆ, ಲೆಕ್ಕ ಮತ್ತು ಬಿಲ್ಲಿನ ಮೂರು ಯಂತ್ರಗಳಿಗೆ ಅಸಲಿ ವಿಂಡೋಸ್ 11 ಪ್ರೊ. ಅವುಗಳಲ್ಲೊಂದರಲ್ಲಿ ಟ್ಯಾಲಿಯ ದತ್ತಾಂಶ ಮತ್ತು ಡಿಜಿಟಲ್ ಸಹಿ. ಪತ್ರವ್ಯವಹಾರದ ಯಂತ್ರಕ್ಕೆ ಉಬುಂಟು. ಬ್ಯಾಕಪ್‌ಗೆ ಹಳೆಯ ಯಂತ್ರದಲ್ಲಿ ಡೆಬಿಯನ್. ವೇಬ್ರಿಡ್ಜ್ ಯಂತ್ರ ಜಾಲದ ಹೊರಗೆ. ಮಾಲೀಕರ ಯಂತ್ರ ಅವರಿಗೆ ಒಗ್ಗಿದ್ದು ಯಾವುದೋ ಅದು. ಹಲವು ಯಂತ್ರಗಳಲ್ಲಿ ಟ್ಯಾಲಿ ಬಳಸಲು ಒಬ್ಬ ಬಳಕೆದಾರರ ಸಿಲ್ವರ್ ಪರವಾನಗಿ ಸಾಲದು, ಗೋಲ್ಡ್ ಪರವಾನಗಿ ಬೇಕು. ವಿಂಡೋಸ್ ಸರ್ವರ್ ಇಲ್ಲಿ ಅನಗತ್ಯ ವೆಚ್ಚ.

ದರಪಟ್ಟಿಯಲ್ಲಿ ಪ್ರತಿ ಯಂತ್ರದ ಎದುರು ವ್ಯವಸ್ಥೆಯ ಪೂರ್ಣ ಹೆಸರು ಮತ್ತು ಆವೃತ್ತಿ, ಪರವಾನಗಿಯ ಬೆಲೆ ಪ್ರತ್ಯೇಕವಾಗಿ, ಬೆಂಬಲದ ಕೊನೆಯ ದಿನಾಂಕ ಹಾಗೂ ಅಳವಡಿಕೆಯ ಶುಲ್ಕವನ್ನು ಬರೆಸಿಕೊಳ್ಳತಕ್ಕದ್ದು. ತೆರಿಗೆ ಬಿಲ್ಲಿನಲ್ಲಿಯೂ ಪರವಾನಗಿ ಪ್ರತ್ಯೇಕ ಸಾಲಾಗಿ ಕಾಣಿಸಬೇಕು. ಲಿನಕ್ಸ್ ಯಂತ್ರದ ಎದುರು ‘ಪರವಾನಗಿ ಶುಲ್ಕ ಇಲ್ಲ’ ಎಂದು ಸ್ಪಷ್ಟವಾಗಿ ಬರೆಸಿದರೆ ಪರಿಶೀಲನೆಯ ವೇಳೆ ಪ್ರಶ್ನೆಗಳು ತಪ್ಪುತ್ತವೆ.

ದಾಳಿಯಾದಲ್ಲಿ

ಕಡತಗಳು ತೆರೆಯದೆ ಹಣ ಕೇಳುವ ಸೂಚನೆ ಕಂಡಲ್ಲಿ ಮೊದಲು ಆ ಯಂತ್ರದ ಜಾಲದ ತಂತಿ ಕಳಚಬೇಕು, ವೈಫೈ ನಿಲ್ಲಿಸಬೇಕು. ಡಿಸ್ಕನ್ನು ಅಳಿಸಿ ಹೊಸದಾಗಿ ವ್ಯವಸ್ಥೆ ಹಾಕಲು ಆತುರಪಡಬಾರದು. ಸಾಕ್ಷ್ಯವೂ, ಕಡತ ಮರಳಿ ಪಡೆಯುವ ಅವಕಾಶವೂ ಅದರೊಂದಿಗೆ ಹೋಗುತ್ತದೆ. ಪರದೆಯ ಛಾಯಾಚಿತ್ರ ತೆಗೆದುಕೊಂಡು ದೂರವಾಣಿ ಸಂಖ್ಯೆ 1930ಕ್ಕೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ನೀಡಬಹುದು. ಜಿಲ್ಲೆಯ ಸಿ.ಇ.ಎನ್. ಅಪರಾಧ ಪೊಲೀಸ್ ಠಾಣೆಯಲ್ಲಿಯೂ ದೂರು ಸ್ವೀಕರಿಸಲಾಗುತ್ತದೆ. ಕಂಪನಿ ಮುಂತಾದ ಸಂಸ್ಥೆಗಳು ಸಿಇಆರ್‌ಟಿ-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂತಹ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಮಾಡತಕ್ಕದ್ದು. ಯಂತ್ರಗಳ ಚಟುವಟಿಕೆಯ ದಾಖಲೆಗಳನ್ನು 180 ದಿನಗಳವರೆಗೆ ಕಾಯ್ದಿರಿಸತಕ್ಕದ್ದು. ಕೇಳಿದ ಹಣ ಕೊಟ್ಟರೂ ಕಡತಗಳು ಮರಳುತ್ತವೆಂಬ ಖಾತರಿ ಇಲ್ಲ. ಬ್ಯಾಕಪ್ ಡಿಸ್ಕನ್ನು ಸೋಂಕು ತಗುಲಿದ ಯಂತ್ರಕ್ಕೆ ಜೋಡಿಸದೆ, ಹೊಸದಾಗಿ ಸಿದ್ಧಪಡಿಸಿದ ಬೇರೊಂದು ಯಂತ್ರದಲ್ಲಿಯೇ ತೆರೆಯತಕ್ಕದ್ದು.